ತಲೆಯ ಮೇಲೆ ಎರಡು ಕೈ

ಇಂದು ಬೆಳಿಗ್ಗೆ ಎದುರು ಮನೆಯವರು ಹುಲ್ಲು ಕತ್ತರಿಸುವ ಯಂತ್ರ ತರಿಸಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸಿದ ಹೊಗೆ ಕಿಟಕಿಯಿಂದ ಒಳಗೆ ಬಂತು. ನನ್ನ ಎರಡೂ ಕೈ ತಾವಾಗಿಯೇ ತಲೆಯ ಮೇಲೆ ಹೋದವು. ಚಹಾ ತಂದ ಹೆಂಡತಿ, "ತಲಿ ನೋವೇನ್ರಿ?" ಎಂದಳು. ಹೂಂ ಎಂದೆ. ಸುಳ್ಳು ಹೇಳುವುದು ನನಗೀಗ ಚೆನ್ನಾಗಿ ರೂಢಿಯಾಗಿದೆ.

ನಾನು ತಿಳವಳ್ಳಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದವನು. ನಮ್ಮದು ಮೀನನ್ನು ರಾಶಿಫಲದಲ್ಲಿ ಮಾತ್ರ ಕಂಡ ಮನೆತನ. ಅಂಥವನು ಮೀನು ಹಿಡಿಯುವ ದೋಣಿಯಲ್ಲಿ ಏಕೆ ಕೂತೆ ಎನ್ನುತ್ತೀರಾ? ಇಂಜಿನ್ನಿನ ಹುಚ್ಚು, ಮತ್ತೇನು! ಕೆರೆಯಲ್ಲಿ ಬಲೆ ಬೀಸುವ ಗುಡ್ಡಪ್ಪ ಎಲ್ಲಿಂದಲೋ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಹಳೆಯ ದೋಣಿ ಇಂಜಿನ್ ತಂದಿದ್ದ. ಅದನ್ನು ಬಿಚ್ಚಿ, ತೊಳೆದು, ಚಾಲೂ ಮಾಡಿಕೊಟ್ಟವನು ನಾನು. ಆಮೇಲೆ ಪ್ರತಿ ರವಿವಾರ ಅದನ್ನು ನಡೆಸುವ ಗೌರವವೂ ನನಗೇ ಬಂತು. ಹಿತ್ತಲಲ್ಲಿ ಸ್ನಾನ ಮಾಡದೆ ಮನೆಯೊಳಗೆ ಪ್ರವೇಶವಿರಲಿಲ್ಲ, ಅದು ಬೇರೆ ಮಾತು.

ಆಳದ ನೀರಿನಲ್ಲಿ ಯಾರಾದರೂ ದೋಣಿ ನಡೆಸಿಯಾರು. ಫಜೀತಿ ಇರುವುದು ಮೊಣಕಾಲುದ್ದದ ನೀರಿನಲ್ಲಿ. ಬೇಸಿಗೆಯಲ್ಲಿ ಕೆರೆ ಇಳಿದಾಗ ಗುಡ್ಡಪ್ಪ ಅದರ ತಳವನ್ನೆಲ್ಲ ಬರಿಗಾಲಲ್ಲಿ ಅಡ್ಡಾಡಿ, ಎಲ್ಲೆಲ್ಲಿ ಕಲ್ಲಿವೆ ಎಂದು ನೆನಪಿಟ್ಟುಕೊಳ್ಳುತ್ತಿದ್ದ. ನೀರು ತುಂಬಿದ ಮೇಲೆ ದೋಣಿಯ ಮುಂದೆ ಕೂತು, "ಎತ್ರಿ ಮಾಸ್ತರ್ರ, ಎತ್ರಿ!" ಎನ್ನುತ್ತಿದ್ದ. ನಾನು ಹಿಂದಿನಿಂದ ಇಂಜಿನ್ ಓರೆ ಮಾಡಿ, ನೀರೊಳಗೆ ತಿರುಗುವ ಅದರ ಫ್ಯಾನು ಮೇಲೆತ್ತಬೇಕು. ಆದರೂ ಫ್ಯಾನಿಗೆ ಜೊಂಡು ಸುತ್ತಿಕೊಳ್ಳುತ್ತಿತ್ತು. ಆಗ ಇಂಜಿನ್ ಬಂದ್ ಮಾಡಿದರೆ ಅವನು ನೀರಿಗಿಳಿದು ಕೈಯಿಂದ ಬಿಡಿಸುತ್ತಿದ್ದ.

ಆ ಇಂಜಿನ್ನಿಗೆ ನ್ಯೂಟ್ರಲ್ ಇರಲಿಲ್ಲ. ಚಾಲೂ ಮಾಡುವ ಹಗ್ಗ ಎಳೆದರೆ ಸಾಕು, ಫ್ಯಾನು ತಿರುಗಿಬಿಡುತ್ತಿತ್ತು. ಅದಕ್ಕೇ ಅವನದೊಂದು ಕಟ್ಟಳೆ. "ನಾ ಕೈ ಹಾಕಿದಾಗ ನಿಮ್ಮ ಎರಡೂ ಕೈ ತಲಿ ಮ್ಯಾಲ ಇರಬೇಕ್ರಿ. ನಾ ದೋಣಿ ಹತ್ತೂತನಕ ಇಳಸಬ್ಯಾಡ್ರಿ." ಮಕ್ಕಳಿಗೆ ಕೊಟ್ಟ ಶಿಕ್ಷೆ ನನಗೇ ತಿರುಗಿ ಬಂತೆಂದು ಇಬ್ಬರೂ ನಗುತ್ತಿದ್ದೆವು.

ಒಂದು ರವಿವಾರ ದೋಣಿ ಕೆರೆಯ ಏರಿಯ ಹತ್ತಿರವೇ ಜೊಂಡಿನಲ್ಲಿ ಸಿಕ್ಕಿಬಿತ್ತು. ಗುಡ್ಡಪ್ಪ ನೀರಿಗಿಳಿದ, ನಾನು ಕೈ ಎತ್ತಿ ಕೂತೆ. ಏರಿಯ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳು ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದರು, ಎಲ್ಲ ಈಗ ಸಂಸಾರಸ್ಥರು. "ಸರ್, ಹೋಂವರ್ಕ್ ಮಾಡಿಲ್ಲೇನ್ರಿ?" ಎಂದು ಒಬ್ಬ ಕೂಗಿದ. ಉಳಿದವರು ಹೋ ಎಂದು ನಕ್ಕರು. ನನ್ನ ಮೈ ಉರಿಯಿತು. ಕೈ ಇಳಿಸಿದೆ. ಇಳಿಸಿದ ಕೈಗೆ ಏನಾದರೂ ಕೆಲಸ ಬೇಕಲ್ಲ! ಗುಡ್ಡಪ್ಪನ ಬೆನ್ನು ಮೇಲೆದ್ದಂತೆ ಕಂಡಿತು. ಹಗ್ಗ ಎಳೆದೆ.

ಬಲಗೈಯ ಮೂರು ಬೆರಳು ಹೋದವು. ಬಲೆ ಹೆಣೆಯುವ ಕೈ ಅದು.

ಹಾನಗಲ್ಲಿನ ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಅವನು, "ಇಂಜಿನ್ ಬಂದ್ ಆಗೂಕಿಂತ ಮೊದ್ಲ ನಾನ ಅವಸರ ಮಾಡಿ ಕೈ ಹಾಕಿದ್ನಿರಿ" ಎಂದ. ಹೇಳಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಊರೂ ಅದನ್ನೇ ನಂಬಿತು. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನು ಅದೊಂದನ್ನು ತಿದ್ದಲಿಲ್ಲ. ನಿವೃತ್ತನಾಗಿ ಹಾನಗಲ್ಲಿಗೆ ಬಂದುಬಿಟ್ಟೆ. ದೋಣಿ ಬಿಟ್ಟ ಗುಡ್ಡಪ್ಪ ಅಕ್ಕಿ ಗಿರಣಿಯ ಗೇಟು ಕಾಯುತ್ತಾನೆಂದು ಆಮೇಲೆ ಕೇಳಿದೆ.

ಇಂದು ಆ ಹೊಗೆ ತಡೆಯಲಾಗಲಿಲ್ಲ. ಚಹಾ ಹಾಗೆಯೇ ಬಿಟ್ಟು ತಿಳವಳ್ಳಿಯ ಬಸ್ಸು ಹತ್ತಿದೆ. ಗಿರಣಿಯ ಗೇಟಿನ ಮುಂದೆ, ಕ್ಷೇಮಸಮಾಚಾರವನ್ನೂ ಕೇಳದೆ, "ಗುಡ್ಡಪ್ಪಾ, ಅವತ್ತು ಇಂಜಿನ್ ಬಂದ್ ಇತ್ತು. ಹಗ್ಗ ಎಳದದ್ದು ನಾನು" ಎಂದೆ.

"ಗೊತ್ತೈತ್ರಿ."

"ಹೇಳಾಕ ನನಗ ಅಂಜಿಕಿ ಬಂತಪಾ."

"ನನಗೂ ಬಂದಿತ್ರಿ, ಇನ್ನ ಹೊಟ್ಟಿಗೆ ಏನ್ ಮಾಡ್ಲಿ ಅಂತ. ನೀವು ಬರ್ತೀರಿ, ಬಾಯಿಬಿಟ್ಟು ಹೇಳ್ತೀರಿ ಅಂತ ಒಂದ್ ವರ್ಷ ಹಾದಿ ಕಾದೇನ್ರಿ. ಆಮ್ಯಾಲ ಬಿಟ್ಟೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನು ನನ್ನ ಹಿಂದಿನ ರಸ್ತೆ ನೋಡಿದ.

"ಹಾನಗಲ್ ಬಸ್ ಬಂತು, ಹತ್ರಿ ಮಾಸ್ತರ್ರ."

ಬಸ್ಸು ನಿಲ್ಲಿಸಲು ಅವನೇ ಕೈ ಎತ್ತಿದ, ಬಲಗೈ.