ಹಿನ್ನೀರಿನಡಿಯ ಒಳಕಲ್ಲು

ಸರೋವರ ಎಂದರೆ ಸುತ್ತಲೂ ನೆಲವಿರುವ ನಿಂತ ನೀರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಹಾಗೆಂದು ಬರೆದವರು ನಮ್ಮ ಹಿನ್ನೀರು ನೋಡಿರಲಿಕ್ಕಿಲ್ಲ. ತುಂಗಭದ್ರಾ ಅಣೆಕಟ್ಟಿನ ಹಿಂದೆ, ಹಗರಿಬೊಮ್ಮನಹಳ್ಳಿಯ ಕಡೆಗೆ ಚಾಚಿಕೊಂಡಿರುವ ಈ ನೀರು ನಿಂತ ಕಡೆ ನಿಲ್ಲುವ ಜಾತಿಯದಲ್ಲ. ಮಳೆಗಾಲದಲ್ಲಿ ಹೊಲದ ಬದುಗಳಿಗೆ ಬಂದು ಬಡಿಯುತ್ತದೆ. ಬೇಸಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ದೂರ ಹಿಂದೆ ಸರಿದು, ಹಳೆಯ ಹೊಳೆಯ ಪಾತ್ರದೊಳಗೆ ಮುದುಡಿಕೊಳ್ಳುತ್ತದೆ. ಆಷಾಢದ ಗಾಳಿ ಬಿಟ್ಟಿತೆಂದರೆ ಸಮುದ್ರದ ಹಾಗೆ ತೆರೆಗಳೇಳುತ್ತವೆ. ಹೊರಗಿನಿಂದ ಬಂದವರು ದಂಡೆಯಲ್ಲಿ ನಿಂತು ಫೋಟೋ ತೆಗೆದುಕೊಂಡು, ಆಹಾ ಎಷ್ಟು ಚೆಂದ ಎನ್ನುತ್ತಾರೆ. ಅವರ ಮೇಲೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಆ ನೀರಿನಡಿ ನನ್ನ ಅಜ್ಜಿ ಇದ್ದಾಳೆ.

ಅಜ್ಜಿ ಎಂದರೆ ನನ್ನ ಅವ್ವನ ಅವ್ವ. ಅಣೆಕಟ್ಟು ಕಟ್ಟಿ, ನೀರು ಬರುತ್ತದೆಂದು ಊರಿಗೆ ಊರೇ ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಿನಲ್ಲಿ ತೀರಿಕೊಂಡವಳು. ಅವ್ವ ಆಗಿನ್ನೂ ಮೊಲೆ ಬಿಡದ ಕೂಸು. ಮುಳುಗುತ್ತದೆಂದು ಗೊತ್ತಿದ್ದ ಹೊಲದಲ್ಲೇ ಮಣ್ಣು ಮಾಡಿದರು. ಗದ್ದುಗೆ ಕಟ್ಟಿಸುವ ಪುರುಸೊತ್ತು ಯಾರಿಗಿತ್ತು? ಅಜ್ಜ ಮನೆಯ ಒಳಕಲ್ಲನ್ನು ಕಿತ್ತು, ಉರುಳಿಸಿಕೊಂಡು ಹೋಗಿ, ಆ ಮಣ್ಣಿನ ಮೇಲೆ ಕೂರಿಸಿದನಂತೆ. ಹೆಂಡತಿ ದಿನವೂ ಖಾರ ಅರೆಯುತ್ತಿದ್ದ ಕಲ್ಲು. ಯಾವ ತೆರೆಗೂ ಉರುಳದಷ್ಟು ಭಾರ.

ಅವ್ವನಿಗೆ ತನ್ನ ತಾಯಿಯ ಮುಖ ನೆನಪಿಲ್ಲ. ಒಂದು ಫೋಟೋ ಇಲ್ಲ, ಒಂದು ಸೀರೆಯ ಚೂರಿಲ್ಲ. ಇದ್ದದ್ದು ಆ ಜಾಗವೊಂದೇ. ನೀರು ಇಳಿದ ಬೇಸಿಗೆಯಲ್ಲಿ ಹಳೆ ಊರಿನವರೆಲ್ಲ ಎಡೆ ಕಟ್ಟಿಕೊಂಡು ಹೋಗಿ ತಂತಮ್ಮ ಮನೆಯ ಹೊಸ್ತಿಲು, ತಂತಮ್ಮ ಹಿರಿಯರ ಜಾಗ ಹುಡುಕಿ ಪೂಜೆ ಮಾಡಿ ಬರುವ ಪದ್ಧತಿ ನಮ್ಮಲ್ಲಿದೆ. ಅವ್ವ ಎಡೆಯ ಜೊತೆಗೆ ತಾಮ್ರದ ತಂಬಿಗೆಯಲ್ಲಿ ಮನೆಯ ನೀರನ್ನೂ ಒಯ್ಯುತ್ತಿದ್ದಳು. ಅದನ್ನು ಒಳಕಲ್ಲಿನ ಕುಳಿಗೆ ತುಂಬ ಹಾಕಿ, ಪಕ್ಕದಲ್ಲಿ ಕೂತು ಏನೇನೋ ಮಾತಾಡುತ್ತಿದ್ದಳು.

ಬಿಸಿಲಿಗೆ ನನ್ನ ತಲೆ ಕೆಟ್ಟಿರುತ್ತಿತ್ತು. ಬಿರುಕುಬಿಟ್ಟ ಕೆಸರು, ಕಾಲು ಕೊಯ್ಯುವ ಕಪ್ಪೆಚಿಪ್ಪು, ಎಲ್ಲಿ ನೋಡಿದರೂ ಸತ್ತ ಮೀನಿನ ವಾಸನೆ.

“ಅಲ್ಲ ಯವ್ವಾ, ವರ್ಷಪೂರ್ತಿ ನೀರಾಗ ಮುಳುಗಿರ್ತಾಳ ಆಕಿ. ಮತ್ತ ನೀರು ಯಾಕ ಆಕಿಗೆ?” ಎಂದು ಒಮ್ಮೆ ರೇಗಿಸಿದ್ದೆ.

“ಅದು ಡ್ಯಾಮಿನ ನೀರು. ಇದು ಮಗಳ ಮನಿ ನೀರು. ಸುಮ್ಮನಿರ ಬೇ,” ಅಂದಳು.

ಅವತ್ತಿನಿಂದ ನಾನು ಬಾಯಿ ಮುಚ್ಚಿಕೊಂಡು ಹೋಗತೊಡಗಿದೆ.

ಆದರೆ ಕಲ್ಲು ವರ್ಷದಿಂದ ವರ್ಷಕ್ಕೆ ಕುಳ್ಳಗಾಗುತ್ತಿತ್ತು. ಕಲ್ಲೆಲ್ಲಿ ಕುಳ್ಳಗಾದೀತು, ನೆಲವೇ ಏರುತ್ತಿತ್ತು. ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊಳೆ ಕೆಂಪಗೆ ಬರುತ್ತದೆ. ಅಗಲವಾದ ಹಿನ್ನೀರಿಗೆ ಬಂದು ಸೇರಿದ್ದೇ ಅದರ ಓಟ ನಿಂತು, ಹೊತ್ತು ತಂದ ಮಣ್ಣನ್ನೆಲ್ಲ ಅಲ್ಲೇ ಇಳಿಸುತ್ತದೆ. ದಂಡೆಯ ಕಡೆ ತೆರೆಗಳು ಮಣ್ಣನ್ನು ತೊಳೆದು ಬರೀ ಹರಳು ಉಳಿಸಿದರೆ, ಒಳಗೆ ತಗ್ಗಿನಲ್ಲಿ, ನಮ್ಮ ಅಜ್ಜಿ ಇರುವಲ್ಲಿ, ಹೂಳು ಹಿಟ್ಟಿನಂತೆ ಬಂದು ಕೂರುತ್ತದೆ. ನಾನು ಸಣ್ಣವಳಿದ್ದಾಗ ಒಳಕಲ್ಲಿನ ಮೇಲೆ ಹತ್ತಿ ಕೂರುತ್ತಿದ್ದೆ. ಆಮೇಲೆ ಅಂಚು ಮಾತ್ರ ಕಾಣತೊಡಗಿತು. ಕೊನೆಗೆ ಅವ್ವ ಕೈಯಿಂದ ಕೆಸರು ಬಳಿದು ಬಳಿದು ಕುಳಿಯನ್ನು ಹುಡುಕುವಂತಾಯಿತು.

ಹೋದ ವರ್ಷ ಬೇಸಿಗೆಗೆ ಮುಂಚೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ನೀರು ಇಳಿದ ಸುದ್ದಿ ಬಂದಾಗ ಕಾಲಿಗೆ ಪಟ್ಟಿ ಹಾಕಿಕೊಂಡು ಮಲಗಿದ್ದಳು. “ಈ ವರ್ಷ ನನ್ನವ್ವಗ ನೀರಿಲ್ಲ,” ಎಂದು ಗೋಡೆಯ ಕಡೆ ಮುಖ ಮಾಡಿ ಅತ್ತಳು. ನಾನು ಹೊಲಿಗೆ ಮಷಿನ್ನಿನ ಮೇಲೆ ಬಗ್ಗಿ ಕೇಳಿಸಿಕೊಳ್ಳದವಳಂತೆ ಕೂತೆ. ಅಣ್ಣನಿಂದ ಹಾಗೆ ಕೂರಲು ಆಗಲಿಲ್ಲ. ಅವನದು ಹೆಂಗರುಳು. ಇನ್ನೊಂದು ಮಳೆಗಾಲ ಬಂದರೆ ಕಲ್ಲು ಮುಚ್ಚಿಯೇ ಹೋಗುತ್ತದೆಂಬ ಚಿಂತೆ ಬೇರೆ. ಯಾರಿಗೂ ಹೇಳದೆ ಆಳುಗಳನ್ನು ಕರೆದುಕೊಂಡು ಟ್ರ್ಯಾಕ್ಟರ್ ತೆಗೆದುಕೊಂಡು ಹೋದ.

ಸಂಜೆ ಟ್ರ್ಯಾಕ್ಟರ್ ಅಂಗಳಕ್ಕೆ ಬಂತು. ಟ್ರೇಲರಿನಲ್ಲಿ ಒಳಕಲ್ಲು! ತೊಳೆದು, ವಿಭೂತಿ ಬಳಿದು, ಚೆಂಡುಹೂವು ಏರಿಸಿದ್ದ. ನನಗೂ ಖುಷಿಯಿಂದ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

“ಯವ್ವಾ, ನೋಡು ಯಾರು ಬಂದಾರ! ಇನ್ನ ನೀ ಕುಂತಲ್ಲೇ ದಿನಾ ನೀರು ಹಾಕಬಹುದು,” ಅಂದ ಅಣ್ಣ.

ಅವ್ವ ಮಂಚದ ಮೇಲಿಂದಲೇ ಕಿಟಕಿಯಾಚೆ ನೋಡಿದಳು. ಆಮೇಲೆ ಮೆಲ್ಲಗೆ, “ಕಿತ್ತ ಜಾಗಕ್ಕ ಏನು ಗುರುತು ಇಟ್ಟು ಬಂದಿಯಪ್ಪ?” ಎಂದು ಕೇಳಿದಳು.

ಅಣ್ಣನ ಮುಖ ಕಪ್ಪಿಟ್ಟಿತು. ಅದರ ಯೋಚನೆಯೇ ಅವನಿಗೆ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ. ಮರುದಿನ ಹೊತ್ತು ಮೂಡುವ ಮೊದಲೇ ಅಣ್ಣ ಓಡಿಹೋಗಿ, ಕಲ್ಲು ಕಿತ್ತ ಗುಂಡಿಯಲ್ಲಿ ಒಂದು ಜಾಲಿಯ ಗೂಟ ಹೊಡೆದು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದ. ಫೋಟೋದಲ್ಲಿ ಗೂಟ ಇತ್ತು, ಅದರ ಹಿಂದೆ ಕೆಸರು, ಅದರ ಹಿಂದೆ ಆಕಾಶ.

ಮಳೆಗಾಲ ಬಂತು. ಹೊಳೆ ಕೆಂಪಾಗಿ ಬಂತು, ಹಿನ್ನೀರು ಏರಿತು. “ನೀರು ಎಲ್ಲಿತನ ಬಂದೈತಿ?” ಎಂದು ಅವ್ವ ಬಂದುಹೋದವರನ್ನೆಲ್ಲ ಕೇಳುತ್ತಿದ್ದಳು. ಅಂಗಳದ ಒಳಕಲ್ಲಿನ ಕಡೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ. ಅದರ ಕುಳಿಯಲ್ಲಿ ಮಳೆನೀರು ನಿಂತು ಗುಬ್ಬಿಗಳು ಕುಡಿಯುತ್ತಿದ್ದವು.

ಈ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಅವ್ವನನ್ನು ಟ್ರೇಲರಿನಲ್ಲಿ ಕುರ್ಚಿ ಹಾಕಿ ಕೂರಿಸಿಕೊಂಡು ಹೋದೆವು. ಮಡಿಲಲ್ಲಿ ತಂಬಿಗೆ ಹಿಡಿದಿದ್ದಳು. ಹೋಗಿ ನೋಡಿದರೆ ಏನಿದೆ? ಒರೆಸಿ ಇಟ್ಟ ಹಂಚಿನ ಹಾಗೆ ನೆಲ. ಗೂಟವನ್ನು ತೆರೆಗಳು ಯಾವ ದಂಡೆಗೆ ಒಯ್ದು ಹಾಕಿದವೋ. ಅಣ್ಣ ಮೊಬೈಲ್ ಹಿಡಿದುಕೊಂಡು ಆ ಕಡೆ ಈ ಕಡೆ ಓಡಾಡಿದ. ಹಾರೆ ತೆಗೆದುಕೊಂಡು ಅಲ್ಲಲ್ಲಿ ಚುಚ್ಚಿದ. ಎಲ್ಲಿ ಚುಚ್ಚಿದರೂ ಹಾರೆ ಮೆತ್ತಗೆ ಇಳಿಯುತ್ತಿತ್ತು.

“ಯವ್ವಾ, ಇಲ್ಲೇ ಎಲ್ಲಿಯಾದರ ಹಾಕಿಬಿಡು. ಆಕಿಗೆ ಮುಟ್ಟತೈತಿ,” ಅಂದೆ.

“ಎಲ್ಲಿಯಾದರ ಅಂದ್ರ ಎಲ್ಲಿ ಬೇ?” ಎಂದು ಸುತ್ತ ಒಮ್ಮೆ ನೋಡಿದಳು. ಸೆರಗಿನಿಂದ ತಂಬಿಗೆಯ ಬಾಯಿ ಮುಚ್ಚಿಕೊಂಡು, “ನಡೀರಿ ಮನಿಗೆ,” ಅಂದಳು. ದಾರಿಯುದ್ದಕ್ಕೂ ಒಂದು ಹನಿ ಚೆಲ್ಲದಂತೆ ಹಿಡಿದುಕೊಂಡಿದ್ದಳು.

ಅಂಗಳಕ್ಕೆ ಬಂದ ಮೇಲೆ ಅಣ್ಣ ಒಳಕಲ್ಲಿನ ಕುಳಿಯನ್ನು ತನ್ನ ಟವೆಲ್ಲಿನಿಂದ ಒರೆಸಿದ. “ಇದಕ್ಕ ಹಾಕಬೇ ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ,” ಅಂದ.

ಅವ್ವ ಅವನ ತಲೆ ಸವರಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಇದು ಕಲ್ಲಪ್ಪ,” ಅಂದಳು. “ನನ್ನವ್ವ ಇದರ ಕೆಳಗ ಇದ್ಲು.”

ತುಂಬಿದ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಕುಂಟುತ್ತ ಒಳಗೆ ಹೋದಳು. ಆ ನೀರನ್ನು ಏನು ಮಾಡಬೇಕೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.