ತಿಳಿನೀಲಿ ಎಳೆ

ಗಂಡ ಕೆಲಸದಿಂದ ಬಂದರೆ ನೇರ ಒಳಗೆ ಬರುವಂತಿರಲಿಲ್ಲ. ಬಾಗಿಲಲ್ಲೇ ಎರಡೂ ತೋಳು ಚಾಚಿ ನಿಲ್ಲಬೇಕು. ಅವಳು ಗಮ್ ಟೇಪನ್ನು ಅಂಟು ಹೊರಗೆ ಬರುವಂತೆ ಅಂಗೈಗೆ ಸುತ್ತಿಕೊಂಡು ಅವನ ತೋಳು, ಎದೆ, ಮೊಣಕಾಲಿನ ಮೇಲೆಲ್ಲ ಒತ್ತಿ ಒತ್ತಿ ತೆಗೆಯುವಳು. ಅವನು ಕತ್ತರಿಸುವ ಗಾಜಿನ ಎಳೆ ಕೂದಲಷ್ಟೇ ಸಣ್ಣ. ಅದರ ತುಣುಕು ಬಟ್ಟೆಗೆ ಹತ್ತಿದರೆ ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಹೊಕ್ಕರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಮಗಳು ತೆವಳುವ ಕಾಲಕ್ಕೆ ಒಂದು ತುಣುಕು ಅವಳ ಅಂಗೈಗೆ ಚುಚ್ಚಿಕೊಂಡು ಮನೆಯೆಲ್ಲ ರಂಪವಾಗಿತ್ತು. ಅಂದು ಶುರುವಾದದ್ದು, ಮಗಳು ಮದುವೆಯಾಗಿ ಹೋದ ಮೇಲೂ ನಿಲ್ಲಲಿಲ್ಲ.

"ಕಳ್ಳನ್ನ ತಪಾಸಣೆ ಮಾಡೋ ಹಾಗೆ ಮಾಡ್ತೀಯಲ್ಲೇ," ಎನ್ನುತ್ತಿದ್ದ ಅವನು.

"ಕಳ್ಳ ಆಗಿದ್ರೆ ಏನಾದ್ರೂ ತಂದಿರ್ತಿದ್ರಿ. ನೀವು ತರೋದು ಬರೀ ಗಾಜು. ತಿರುಗಿ ಆ ಕಡೆ."

ಅವನು ಮೊದಲು ಇಂಟರ್ನೆಟ್ ಕೇಬಲ್‌ಗೆ ಕಾಲುವೆ ಅಗೆಯುತ್ತಿದ್ದ. ಆಮೇಲೆ ಕೇಬಲ್ ಎಳೆಯುವವನಾದ. ಆಮೇಲೆ ಅದರೊಳಗಿನ ಗಾಜಿನ ಎಳೆಗಳನ್ನು ತುದಿಗೆ ತುದಿ ಕೂಡಿಸುವವನಾದ. ಕೂಡಿಸುವ ಕೆಲಸಕ್ಕೆ ಒಂದು ಪರೀಕ್ಷೆ ಇತ್ತು. ಕೇಬಲ್ ಒಳಗಿನ ಹನ್ನೆರಡು ಎಳೆಗೆ ಹನ್ನೆರಡು ಬಣ್ಣ, ಸಾಲು ತಪ್ಪಬಾರದು. ಅವಳು ಹೊಲಿಗೆ ಮಾಡುತ್ತಿದ್ದಳು, ಮನೆಯಲ್ಲಿ ದಾರದ ಉಂಡೆಗಳಿಗೆ ಬರವಿರಲಿಲ್ಲ. ಅವನ್ನೇ ಚಾಪೆಯ ಮೇಲೆ ಸಾಲಾಗಿ ಇಟ್ಟು ಅವನಿಗೆ ಪಾಠ ಒಪ್ಪಿಸಲು ಹೇಳಿದಳು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ... ಅವನು ಬೂದು ಬಣ್ಣಕ್ಕೆ ಬಂದು ತಡವರಿಸುವಷ್ಟರಲ್ಲಿ ಅವಳಿಗೆ ಕೊನೆಯ ತಿಳಿನೀಲಿಯವರೆಗೆ ಬಾಯಿಪಾಠವಾಗಿತ್ತು. ಅವಳು ಓದಿದ್ದು ನಾಲ್ಕನೇ ತರಗತಿ. ಅವನು ಅವಳಿಗಿಂತ ಎರಡು ತರಗತಿ ಹೆಚ್ಚು ಓದಿದ್ದ, ಆ ಜಂಬ ಅವತ್ತು ಇಳಿಯಿತು.

ಇನ್ನೊಂದು ನಿಯಮ ಇತ್ತು. ಎಳೆ ಬಾಗಿಸಬಹುದು, ಮಡಿಚಬಾರದು. ಮಿಕ್ಕ ಎಳೆಯನ್ನು ತಟ್ಟೆಯಂಥ ಡಬ್ಬಿಯೊಳಗೆ ದೊಡ್ಡ ಸುತ್ತಾಗಿ ಮಲಗಿಸಬೇಕು.

"ಮಡಿಚಿದ್ರೆ ಒಳಗೆ ಓಡೋ ಬೆಳಕು ಸೋರಿಹೋಗತ್ತೆ," ಎನ್ನುತ್ತಿದ್ದ. "ಆ ಕಡೆಗೆ ಮುಟ್ಟಲ್ಲ."

ಅದು ಅವನ ಕೈಗೇ ಹತ್ತಿಬಿಟ್ಟಿತ್ತು. ಮನೆಯ ನೀರಿನ ಪೈಪು, ಬಟ್ಟೆ ಒಣಗಿಸುವ ಹಗ್ಗ, ಯಾವುದನ್ನೂ ಅವನು ಮಡಿಚಿಟ್ಟವನಲ್ಲ. ಅವಳ ಅಳತೆ ಟೇಪನ್ನೂ ಬಿಡುತ್ತಿರಲಿಲ್ಲ.

"ಮತ್ತೆ ಮಡಿಚಿಟ್ಟಿದೀಯಲ್ಲೇ!"

"ಇದ್ರಲ್ಲಿ ಬೆಳಕು ಹೋಗಲ್ಲರೀ. ಗಿರಾಕಿ ಸೊಂಟ ಹೋಗತ್ತೆ."

ಅವನು ನಗುತ್ತಲೇ ಅದನ್ನು ಬಿಚ್ಚಿ ಸುತ್ತಿಡುತ್ತಿದ್ದ.

ಅವನು ಸತ್ತದ್ದು ಆಸ್ಪತ್ರೆಯ ಹೊಸ ಕಟ್ಟಡದಲ್ಲಿ. ಕಟ್ಟಡ ಇನ್ನೂ ತೆರೆದಿರಲಿಲ್ಲ. ಹಳೇ ಕಟ್ಟಡದಿಂದ ಅಲ್ಲಿಗೆ ಕೇಬಲ್ ಎಳೆದಿದ್ದರು. ಹೊಸ ಕಟ್ಟಡದ ಕೆಳಗಿನ ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ಅವನೊಬ್ಬನೇ ಎಳೆ ಕೂಡಿಸುತ್ತಿದ್ದ. ಹಳೇ ಕಟ್ಟಡದ ತುದಿಯಲ್ಲಿ ಅವನ ಜೊತೆಗಾರ ಲಂಬು ಫೋನು ಹಿಡಿದು ಕೂತಿದ್ದ. ಲಂಬು ಎಂದರೆ ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವಷ್ಟು ಎತ್ತರದ ಆಳು, ಅವಳ ಗಂಡನ ಕೈಕೆಳಗೇ ಕೆಲಸ ಕಲಿತವನು. ಅವನು ಓಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ಹಾರ್ಟು ನಿಂತು ಕೂತಲ್ಲೇ ಹೋದ್ರು. ನೋವು ಗೊತ್ತೇ ಆಗಿಲ್ಲ," ಎಂದರು ಎಲ್ಲರೂ. ಮೇಸ್ತ್ರಿ ಹೇಳಿದ, ಮೈದುನ ಹೇಳಿದ, ಪಕ್ಕದ ಮನೆಯವಳು ದಿನಾ ಬಂದು ಹೇಳಿದಳು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದನ್ನು ನೆನೆಸಿಕೊಂಡರೆ ಮಾತ್ರ ತುತ್ತು ಗಂಟಲಿನಲ್ಲಿ ಇಳಿಯುತ್ತಿತ್ತು. ಆದರೂ ಒಳಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಗೊತ್ತಾಗಿದ್ದರೆ? ಆ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬನೇ ಕೂತು ಸಂಕಟಪಟ್ಟಿದ್ದರೆ?

ನಿಂತ ಕೆಲಸ ಮುಗಿಸಲು ಹೋಗುವ ದಿನ ಲಂಬು ಮನೆಗೆ ಬಂದ. "ಅತ್ತಿಗೆ, ಅಣ್ಣನ ಚೀಲ ಅಲ್ಲೇ ಇದೆ. ಸಂಜೆ ತಂದುಕೊಡ್ತೀನಿ."

"ನಾನೇ ಬರ್ತೀನಿ."

"ನೋಡೋಕೆ ಏನೂ ಇಲ್ಲ ಅತ್ತಿಗೆ ಅಲ್ಲಿ. ಒಂದು ಬೀರು, ಒಂದು ಸ್ಟೂಲು."

"ಸ್ಟೂಲೇ ನೋಡ್ತೀನಿ, ನಡಿ."

ಕೋಣೆ ಅವಳ ಅಡುಗೆಮನೆಗಿಂತ ಚಿಕ್ಕದಿತ್ತು. ಹೊಸ ಬಣ್ಣದ ವಾಸನೆ. ಗೋಡೆಗೆ ಆತುಕೊಂಡ ಕಬ್ಬಿಣದ ಬೀರು, ಅದರ ಮುಂದೆ ಸ್ಟೂಲು, ಕೆಳಗೆ ಅವನ ಚೀಲ. ಚೀಲದ ಪಟ್ಟಿಯನ್ನೂ ಸುತ್ತಿಟ್ಟಿದ್ದ. ಅವಳು ಸ್ಟೂಲಿನ ಮೇಲೆ ಕೂತಳು.

"ಒಂದು ಎಳೇಲಿ ಬೆಳಕು ಸರಿಯಾಗಿ ಮುಟ್ತಿಲ್ಲ," ಎಂದ ಲಂಬು. "ಹಳೇ ಕಟ್ಟಡದ ತುದಿಗೆ ಕೆಂಪು ದೀಪ ಸಿಕ್ಕಿಸಿ ಬಂದಿದೀನಿ. ತಪ್ಪು ಎಲ್ಲಿದೆಯೋ ಅಲ್ಲಿ ಹೊರಗೆ ಕಾಣತ್ತೆ."

ಅವನು ಬೀರುವಿನಿಂದ ಡಬ್ಬಿ ಎಳೆದು ಮುಚ್ಚಳ ತೆಗೆದ.

ಎಳೆಗಳು ಒಂದರ ಪಕ್ಕ ಒಂದು ದೊಡ್ಡ ಸುತ್ತಾಗಿ ಮಲಗಿದ್ದವು, ಮನೆಯ ಹಗ್ಗದ ಹಾಗೇ. ಅವಳು ಮನಸ್ಸಿನಲ್ಲೇ ಬಣ್ಣ ಹೇಳಿಕೊಂಡು ಹೋದಳು. ಗುಲಾಬಿಯವರೆಗೆ ಎಲ್ಲ ಸರಿ ಇತ್ತು. ಕೊನೆಯ ತಿಳಿನೀಲಿ ಮಾತ್ರ ಮೂಲೆಯಲ್ಲಿ, ಎಳೆ ಹಿಡಿದಿಡುವ ಕೊಕ್ಕೆಯ ಕೆಳಗೆ ಸಿಕ್ಕಿ ಮಡಿಚಿಕೊಂಡಿತ್ತು. ಆ ಮಡಿಕೆಯಲ್ಲಿ ಕೆಂಪು ಬೆಳಕು ಹೊರಗೆ ಸೋರುತ್ತಿತ್ತು. ಸೂಜಿ ಚುಚ್ಚಿದಲ್ಲಿ ರಕ್ತ ಬರುತ್ತದಲ್ಲ, ಅಷ್ಟು.

ಲಂಬು ಮುಖ ಆ ಕಡೆ ಮಾಡಿದ. "ಏನೋ ಆತುರದಲ್ಲಿ ಆಗಿರತ್ತೆ ಅತ್ತಿಗೆ."

"ನಿಮ್ಮಣ್ಣನಿಗೆ ಯಾವತ್ತಾದ್ರೂ ಆತುರ ಇತ್ತೇನೋ?"

ಲಂಬು ಮುಚ್ಚಳವನ್ನು ಬೀರುವಿನ ಮೇಲಿಟ್ಟ.

"ಅವತ್ತು ನೀನು ಫೋನಲ್ಲಿ ಇದ್ದೆ ಅಲ್ವಾ? ಏನಂದ್ರು?"

"ಕೂಡಿಸಿ ಆಯ್ತು, ಸುತ್ತಿಡ್ತಿದೀನಿ ಅಂದ್ರು. ಬೆಳಕು ಬಿಡ್ಲಾ ಅಂತ ಕೇಳ್ದೆ." ಅವನು ಬೀರುವಿನ ಬಾಗಿಲು ಹಿಡಿದುಕೊಂಡ. "ಸ್ವಲ್ಪ ತಡಿ ಅಂದ್ರು. ತಡೆದೆ. ಎಳೆ ಸಿಕ್ಕಾಗಿರ್ಬೇಕು ಅಂದ್ಕೊಂಡು ತಡೆದೆ ಅತ್ತಿಗೆ. ಆಮೇಲೆ ಮಾತೇ ಬರ್ಲಿಲ್ಲ."

"ದನಿ ಹೇಗಿತ್ತು?"

"ಮೆಲ್ಲಗಿತ್ತು."

ಅವಳು ಡಬ್ಬಿಯ ಕಡೆ ಬಾಗಿದಳು. ಬೆರಳನ್ನು ಮಡಿಕೆಯ ಹತ್ತಿರ ಒಯ್ದಳು. ಬೆರಳ ತುದಿ ಕೆಂಪಾಯಿತು. ಕೈ ಮಾತು ಕೇಳದೆ ಹೋದಾಗಲೂ ಗಂಡ ಎಳೆ ಬಿಟ್ಟಿರಲಿಲ್ಲ. ಕೂಗಲಿಲ್ಲ. ಸುತ್ತಿಡಲು ನೋಡಿದ, ಆಗಲಿಲ್ಲ, ಕೈಗೆ ಬಂದ ಹಾಗೆ ಕೊಕ್ಕೆಗೆ ತುರುಕಿದ.

"ಗೊತ್ತಾಗಿದೆ ಅವ್ರಿಗೆ," ಎಂದಳು. "ನೋವು ಗೊತ್ತೇ ಆಗಿಲ್ಲ ಅಂತ ಇನ್ನು ಯಾರೂ ನನಗೆ ಹೇಳೋದು ಬೇಡ. ನೀನೂ ಹೇಳ್ಬೇಡ."

"ಇಲ್ಲ ಅತ್ತಿಗೆ."

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ಲಂಬುವಿನ ಫೋನು ಬಡಿದುಕೊಂಡಿತು, ಮೇಸ್ತ್ರಿಯದು. ಅವನು ಎತ್ತಲಿಲ್ಲ. ಅವಳಿಗೆ ಅಳು ಬಂತು. ಅತ್ತಳು. ಅವನು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಸರಿ ಮಾಡ್ಲಾ?" ಎಂದು ಆಮೇಲೆ ಕೇಳಿದ.

"ಮುರಿದಿದೆಯಾ?"

"ಇಲ್ಲ. ಮಡಿಚಿದೆ ಅಷ್ಟೆ. ಕೂಡಿಸಿದ್ದು ಚೆನ್ನಾಗೇ ಇದೆ."

"ಹಾಗಾದ್ರೆ ಅವ್ರು ಕೂಡಿಸಿದ್ದನ್ನ ಕತ್ತರಿಸಬೇಡ. ಸುತ್ತು ಮಾತ್ರ ಹಾಕು."

ಲಂಬು ಉಗುರಿನಿಂದ ಕೊಕ್ಕೆ ಬಿಡಿಸಿ ಎಳೆಯನ್ನು ಎತ್ತಿದ. ದೊಡ್ಡ ಸುತ್ತಾಗಿ ಉಳಿದವುಗಳ ಪಕ್ಕ ಮಲಗಿಸಿದ. ಅವಳ ಬೆರಳಿನ ಮೇಲಿದ್ದ ಕೆಂಪು ಹೋಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟಿದ್ದಳು.

ಮುಚ್ಚಳ ಹಾಕಿದ ಮೇಲೆ ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವಳು ನಿಂತಳು. ಚೀಲದೊಳಗೆ ಕೈ ಹಾಕಿ ಹುಡುಕಿದಳು. ಗಮ್ ಟೇಪು ಸಿಕ್ಕಿತು. ಒಂದು ತುಂಡು ಹರಿದು ಅಂಗೈಗೆ ಸುತ್ತಿಕೊಂಡಳು.

"ಮನೇಲಿ ಮಗು ಇದೆ ನಿನಗೆ," ಎಂದಳು. "ತೋಳು ಚಾಚು."