ಮಗ್ಗದ ಸಪ್ಪಳದಲ್ಲಿ ಓದಿಸಿದ ಕಾಕು

ಎಲ್ಲ ಓದುಗರಿಗೆ ನಮಸ್ಕಾರ. ನಾನು ತಡವಾಗಿ ಕನ್ನಡ ಶಾಲೆ ಕಂಡವನು. ಈಗಲೂ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಎಲ್ಲಿಯಾದರೂ ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಾಕುವಿನ ಹುಬ್ಬುಗಳ ಮೇಲೆ ಯಾವಾಗಲೂ ನೂಲಿನ ಬಿಳಿ ಧೂಳು ಕೂತಿರುತ್ತಿತ್ತು. ಸಂಶಯ ಬಂತೆಂದರೆ ಎಡಗಡೆಯ ಹುಬ್ಬು ಮಾತ್ರ ಮೇಲೇರುತ್ತಿತ್ತು, ಆಗ ಆ ಧೂಳಿನ ಒಂದೆರಡು ಎಳೆ ಕೆನ್ನೆಯ ಮೇಲೆ ಉದುರುತ್ತಿದ್ದವು. ಹಾಲಿನವನ ಮೇಲೆ ಸಂಶಯ, ನೂಲು ತರುವವನ ಮೇಲೆ ಸಂಶಯ, ಮೋಡ ಕವಿದರೆ ಮಳೆಯ ಮೇಲೂ ಸಂಶಯ. ಎಲ್ಲಕ್ಕಿಂತ ಹೆಚ್ಚು ಸಂಶಯ ನನ್ನ ಮೇಲೆ.

ಅದು ಎಪ್ಪತ್ತರ ದಶಕದ ಕೊನೆ. ಬೆಳಗಾವಿಯ ಶಹಾಪುರದಲ್ಲಿ ಅವರ ಮನೆ. ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮ್, ಹಿಂದೆ ಒಂದು ಸಣ್ಣ ಖೋಲಿ. ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನು ಅವರೇ ನಡೆಸುತ್ತಿದ್ದರು. ಹಿಂದಿನ ಖೋಲಿಯನ್ನು ಬಾಡಿಗೆಗೆ ಕೊಡುತ್ತಿದ್ದರು. ಓಣಿಯವರೆಲ್ಲ ಚಿಕ್ಕಮ್ಮ ಎಂಬಂತೆ ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಾನು ಖಾನಾಪುರದವನು. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಅಣ್ಣನ ಹಿಂದೆ ಹಂಚಿನ ಕಾರ್ಖಾನೆಗೆ ಮಣ್ಣು ತುಳಿಯಲು ಹೋದವನು. ಮೀಸೆ ಬಲಿತ ಮೇಲೆ ಓದಬೇಕೆನಿಸಿತು. ಬೆಳಗಾವಿಗೆ ಬಂದು ಕ್ಯಾಂಪ್ ಪ್ರದೇಶದ ಬೇಕರಿಯೊಂದರಲ್ಲಿ ಬೆಳಗಿನ ಕೆಲಸ ಹಿಡಿದೆ. ಸಂಜೆ ರಾತ್ರಿ ಶಾಲೆ, ಮಧ್ಯಾಹ್ನ ಖೋಲಿಯಲ್ಲಿ ಓದು. ಎಸ್ಸೆಸ್ಸೆಲ್ಸಿಗೆ ಕೂಡುವವರೆಗೆ ಬಿಡುತ್ತೇನೆ, ಸುಮ್ಮನೆ ಕಾಲ ಕಳೆಯುವುದು ಕಂಡರೆ ಮತ್ತೆ ಹಂಚಿನ ಭಟ್ಟಿಗೇ ಎಂದು ಅಣ್ಣ ಹೇಳಿ ಕಳಿಸಿದ್ದ.

ಖೋಲಿ ಕೇಳಲು ಹೋದ ದಿನವೇ ಕಾಕುವಿನ ವಿಚಾರಣೆ ಶುರುವಾಯಿತು.

“ಮರಾಠಿ ಕಲ್ತಾಂವ ಕನ್ನಡ ಸಾಲಿಗೆ ಯಾಕ ಹೊಂಟಿ?”

“ಮರಾಠಿ ರಾತ್ರಿ ಸಾಲಿ ಊರಿನ ಆ ಕಡೆ ಐತ್ರಿ ಕಾಕು. ಕನ್ನಡದ್ದು ಇಲ್ಲೇ ಬಾಜೂಕ ಐತಿ.”

ಹುಬ್ಬು ಏರಿತು. “ಹಾದಿ ಸಮೀಪ ಅಂತ ವಿದ್ಯಾ ಆರಿಸ್ಕೊಂಡಿ? ನಾಳೆ ಹೆಣ್ಣ ನೋಡೂಮುಂದನೂ ಹಂಗ ಮಾಡಾಂವ ಕಾಣಸ್ತಿ.”

ಅವರ ಸಂಶಯಕ್ಕೆ ಕಾರಣವಿತ್ತು. ನನಗಿಂತ ಮೊದಲು ಆ ಖೋಲಿಯಲ್ಲಿದ್ದ ಹುಡುಗ ಕಾಲೇಜಿಗೆಂದು ಹೇಳಿ ದಿನಾ ಸಿನಿಮಾ ಟಾಕೀಸಿಗೆ ಹೋಗುತ್ತಿದ್ದನಂತೆ. ಅವನ ತಂದೆ ಬಂದು ಕಾಕುವಿನ ಕಟ್ಟೆಯ ಮೇಲೆ ಕೂತು ಅತ್ತು ಹೋದರಂತೆ. ಅಂದಿನಿಂದ ಕಾಕು ವಿದ್ಯಾರ್ಥಿ ಎಂಬ ಜಾತಿಯನ್ನೇ ನಂಬುವುದು ಬಿಟ್ಟಿದ್ದರು. “ಇವತ್ತ ಏನ ಕಲಿಸಿದ್ರು?” ಎಂದು ಕೇಳುತ್ತಿದ್ದರು. ನಾಲ್ಕು ದಿನ ಬಿಟ್ಟು ಅದೇ ದಿನದ ಪಾಠವನ್ನು ಮತ್ತೆ ಕೇಳುತ್ತಿದ್ದರು. ಉತ್ತರ ಕೂಡುತ್ತದೋ ಇಲ್ಲವೋ ನೋಡಲು.

ನನಗೂ ಅವರ ಮೇಲೆ ಸಂಶಯ ಹುಟ್ಟಿತು. ಬೇಕರಿಯಿಂದ ಬಂದು ನೋಡಿದರೆ ನನ್ನ ಪುಸ್ತಕಗಳು ಇಟ್ಟ ಹಾಗೆ ಇರುತ್ತಿರಲಿಲ್ಲ. ಹಾಸಿಗೆ ಮಡಚಿದ ರೀತಿಯೂ ಬೇರೆ. ಏನಾದರೂ ತಪ್ಪು ಹುಡುಕಿ ನನ್ನನ್ನು ಹೊರಗೆ ಹಾಕುವ ವಿಚಾರವಿರಬೇಕು ಎಂದುಕೊಂಡು ಒಂದು ದಿನ ಧೈರ್ಯ ಮಾಡಿ ಕೇಳಿದೆ.

“ಹೌದು, ನಾನ ತಗದ ನೋಡಿದ್ನಿ” ಎಂದರು, ಸ್ವಲ್ಪವೂ ಅಂಜದೆ. “ಓದಿದ ಪುಸ್ತಕದ ಅಂಚ ಮಾಸಿರತಾವ.”

“ನನ್ನೂ ಮಾಸ್ಯಾವೇನ್ರಿ?”

“ಮಾಸ್ಯಾವ. ಆದ್ರ ಬೇಕರಿ ಜಿಡ್ಡ ಹತ್ತಿದ್ರೂ ಮಾಸತಾವ.”

ಅವರ ಸಂಶಯದ ಬೇರು ಬೇರೆಲ್ಲೋ ಇತ್ತು. ಕಾಕುಗೆ ಅಕ್ಷರ ಬರುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಓದುವುದು ಎಂದರೆ ಬಾಯಿ ಬಿಟ್ಟು ಓದುವುದು. ಓಣಿಯ ಶಾಲೆಯ ಮಕ್ಕಳೆಲ್ಲ ಪಾಠವನ್ನು ಓಣಿ ಹಾರಿಹೋಗುವಂತೆ ಒದರುತ್ತಿದ್ದರು. ನನ್ನ ಖೋಲಿಯಿಂದ ಮಾತ್ರ ಉಸಿರೂ ಕೇಳುತ್ತಿರಲಿಲ್ಲ. ಮಗ್ಗ ನಿಲ್ಲಿಸಿ, ಬಾಗಿಲಿಗೆ ಕಿವಿಗೊಟ್ಟು, ಮಲಗಿದ್ದಾನೆ ಎಂದು ಅವರು ಖಾತ್ರಿ ಮಾಡಿಕೊಂಡಿದ್ದರು. ನಾನು ಮಲಗಿರುತ್ತಿರಲಿಲ್ಲ. ಕನ್ನಡ ಅಕ್ಷರವನ್ನು ದೊಡ್ಡವನಾದ ಮೇಲೆ ಕಲಿತದ್ದರಿಂದ ಗಟ್ಟಿಯಾಗಿ ಓದಿದರೆ ಎಡವುತ್ತಿದ್ದೆ. ಮೀಸೆ ಹೊತ್ತುಕೊಂಡು ಸಣ್ಣ ಮಕ್ಕಳ ಹಾಗೆ ಕೂಡಿಸಿ ಓದಲು ನಾಚಿಕೆ. ಅದಕ್ಕೇ ಕಣ್ಣಿನಲ್ಲೇ ಓದುತ್ತಿದ್ದೆ.

ಪರೀಕ್ಷೆಗೆ ಇನ್ನು ಸ್ವಲ್ಪ ದಿನ ಉಳಿದಿರುವಾಗ ಒಂದು ಮಧ್ಯಾಹ್ನ ಅಣ್ಣ ಬಾಗಿಲಲ್ಲಿ ನಿಂತಿದ್ದ. ಖಾನಾಪುರದ ಕಡೆ ಹೋಗುವವರ ಕೈಯಲ್ಲಿ ಕಾಕುವೇ ಹೇಳಿ ಕಳಿಸಿದ್ದರು: ನಿಮ್ಮ ತಮ್ಮ ಓದುವುದಿಲ್ಲ, ಬಂದು ನೋಡಿರಿ.

“ಚಲ, ಗಂಟು ಕಟ್ಟ” ಎಂದ ಅಣ್ಣ. “ಭಟ್ಟಿ ಮುಂದ ಮಂದಿ ಕಡಿಮಿ ಬಿದ್ದಾರ.”

“ನಾ ಓದೇನಿ ಅಣ್ಣಾ.”

“ಓದಿದ್ರ ಓದಿ ತೋರಸ್ಲಿ” ಎಂದು ಕಾಕು ಎದ್ದು ಎರಡೂ ಮಗ್ಗ ಬಂದ್ ಮಾಡಿದರು.

ಸಪ್ಪಳ ನಿಂತದ್ದು ಕೇಳಿ ಪಕ್ಕದ ಮನೆಯವಳು ಏನಾಯಿತೆಂದು ಹೊರಗೆ ಬಂದಳು. ವಿಜ್ಞಾನದ ಪುಸ್ತಕ ತೆರೆದು ನೀರು ಆವಿಯಾಗುವ ಪಾಠ ಶುರು ಮಾಡಿದೆ. ಒಂದೊಂದು ಒತ್ತಕ್ಷರಕ್ಕೂ ನಿಂತೆ. ನಾಲ್ಕು ಸಾಲು ದಾಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಅಣ್ಣ ಸಿಟ್ಟಾಗಲಿಲ್ಲ, ಅದೇ ಹೆಚ್ಚು ನೋವಾಯಿತು. “ಸಾಕ ಬಿಡಪಾ” ಎಂದ ಮೆತ್ತಗೆ. “ಎಲ್ಲಾರ ಹಣಿಯಾಗೂ ವಿದ್ಯಾ ಬರೆದಿರಂಗಿಲ್ಲ.”

ಕಾಕುವಿನ ಹುಬ್ಬು ಮೇಲಕ್ಕೆ ಹೋದದ್ದು ಕೆಳಗೆ ಇಳಿದಿರಲಿಲ್ಲ. “ತಡೀರಿ. ತಮ್ಮಾ, ಪುಸ್ತಕ ಮುಚ್ಚು. ಅದರಾಗ ಏನ ಹೇಳ್ಯಾರ, ಬಾಯಿಲೆ ಹೇಳ ನೋಡೂಣು.”

ಮುಚ್ಚಿದೆ. ಅಣ್ಣನ ಮುಖ ನೋಡಿದೊಡನೆ ಹಂಚೇ ನೆನಪಾಯಿತು. ಹಸಿ ಹಂಚನ್ನು ನೇರ ಬಿಸಿಲಿಗೆ ಇಟ್ಟರೆ ಮೇಲಿನ ನೀರು ಬೇಗ ಹಾರಿಹೋಗುತ್ತದೆ, ಒಳಗಿನದು ಉಳಿಯುತ್ತದೆ, ಒಣಗಿದ ಮೈ ಕುಗ್ಗಿ ಸೀಳುತ್ತದೆ, ನೆರಳಲ್ಲಿಟ್ಟರೆ ಎಲ್ಲ ಕಡೆಯ ನೀರು ಸಾವಕಾಶ ಹೋಗುತ್ತದೆ ಎಂದೆ. ಅರ್ಧ ಕನ್ನಡ, ಅರ್ಧ ಮರಾಠಿ. ಗಾಳಿ ಇದ್ದ ದಿನ ಯಾಕೆ ಜಲ್ದಿ ಒಣಗುತ್ತದೆ ಎಂಬುದನ್ನೂ ಹೇಳಿದೆ.

ಅಣ್ಣ ಕೆಳಗೆ ಕೂತ. “ನಾವ ನೆರಳಾಗ ಇಡೂದು ಅದಕ್ಕೇನ? ನಾ ಬರೇ ಹಿರ್ಯಾರ ಪದ್ಧತಿ ಅಂದ್ಕೊಂಡಿದ್ನಿ. ಹಂಚಿನ ಸುದ್ದಿ ಪುಸ್ತಕದಾಗ ಐತ್ಯೇನು?”

“ಹಂಚಿಂದಿಲ್ಲ. ನೀರಿಂದ ಐತಿ.”

ಕಾಕು ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದರು. “ಕೇಳ್ರಿ ಇಲ್ಲೆ. ಈ ಪಾಠ ಹಿಂದಕ ಎರಡ ಸಲ ಕೇಳೇನಿ ನಾ ಇವನ್ನ. ಎರಡೂ ಸಲ ನೀರಿನ ಮಾತ ಹಿಂಗ ಹೇಳ್ಯಾನ. ಸುಳ್ಳಾದ್ರ ಎರಡನೇ ಸಲ ಬ್ಯಾರೆ ಆಗತೈತಿ. ಇವನ ತಲಿ ಓದೇತಿ, ಬಾಯಿ ಓದಿಲ್ಲ. ತಪ್ಪ ನಂದೂ ಐತಿ, ಕಿವಿ ಒಂದ ನಂಬಿದ್ನಿ. ಪರೀಕ್ಷಾ ಮುಗಿಯೂಮಟಾ ಬಿಡ್ರಿ ಇವನ್ನ.”

ಅಣ್ಣ ಎದ್ದು ನಿಂತ. ಗಂಟಿನ ಮಾತು ಬಿಟ್ಟು ಒಬ್ಬನೇ ರೈಲಿಗೆ ಹೋದ.

ಅವನು ಓಣಿ ದಾಟುವ ಮೊದಲೇ ಕಾಕು ಮಗ್ಗ ಶುರು ಮಾಡಿ, ಸಪ್ಪಳದ ಮೇಲೆ ಕೂಗಿ ಹೇಳಿದರು, “ಈಗ ಓದು! ಗಟ್ಟ್ಯಾಗಿ ಒದರು! ಈ ಗದ್ದಲದಾಗ ನಿನ್ನ ತಪ್ಪ ನಿನಗೂ ಕೇಳಂಗಿಲ್ಲ!”

ಅಂದಿನಿಂದ ದಿನಾ ಮಧ್ಯಾಹ್ನ ಮಗ್ಗದ ಪಕ್ಕದಲ್ಲಿ ನಿಂತು ಓದಿದೆ. ಎಡವಿದರೂ ಕೇಳುವವರಿರಲಿಲ್ಲ. ಆದರೂ ಸಂಶಯ ಹೋಗಿರಲಿಲ್ಲ. ಕಾಕು ಎಳೆ ಜೋಡಿಸುತ್ತ ನನ್ನ ತುಟಿ ಅಲ್ಲಾಡುತ್ತದೋ ಇಲ್ಲವೋ ನೋಡುತ್ತಿದ್ದರು. ಒಮ್ಮೊಮ್ಮೆ ಫಕ್ಕನೆ ಕರೆಂಟ್ ಹೋಗಿ, ನನ್ನ ದನಿಯೊಂದೇ ಓಣಿಯಲ್ಲಿ ಬೆತ್ತಲೆ ನಿಲ್ಲುತ್ತಿತ್ತು. ಒಂದು ದಿನ ಪಕ್ಕದ ಮನೆಯವಳು ಕೂಗಿದಳು, “ಏನ್ರಿ ಕಾಕು, ನಿಮ್ಮ ಮಗ್ಗ ಪಾಠ ಓದಾಕ ಹತ್ತೇತಲ್ಲ!”

“ಹೂಂ, ನಿನ್ನ ಗಂಡಗಿಂತ ಪಾಡ ಓದತೈತಿ” ಎಂದರು ಕಾಕು.

ಕರೆಂಟ್ ಹೋದಾಗಲೂ ನಿಲ್ಲಿಸದೆ ಓದುವಷ್ಟರಲ್ಲಿ ಪರೀಕ್ಷೆ ಬಂತು. ಪಾಸಾದೆ. ಪೇಪರಿನಲ್ಲಿ ನಂಬರ್ ತೋರಿಸಿದರೆ ಕಾಕು, “ಪೇಪರದಾವರು ಏನ ಬೇಕಾದ್ದ ಛಾಪಸ್ತಾರ. ಸಾಲಿಗೆ ಹೋಗಿ ನೋಡ್ಕೊಂಡ ಬಾ” ಎಂದು ಅಟ್ಟಿದರು. ಮುಂದೇನು ಓದುವುದೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಶಿಕ್ಷಕರ ತರಬೇತಿಗೆ ಹೋಗುತ್ತೇನೆ ಎಂದಾಗ, ಆ ಕಾಲೇಜಿನ ಹಾದಿ ಎಷ್ಟು ದೂರ ಎಂದು ಮಾತ್ರ ಕಾಕು ಕೇಳಿದರು. ದೂರವಿದೆ ಎಂದೆ. ಸಮಾಧಾನವಾದಂತೆ ಕಂಡಿತು.

ಎಂಬತ್ತರ ದಶಕದಲ್ಲಿ ಲೋಂಡಾದ ಕಡೆ ಒಂದು ಹಳ್ಳಿಯಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಕಾಕು ತೀರಿಕೊಂಡರು. ಸುದ್ದಿ ತಡವಾಗಿ ಮುಟ್ಟಿ, ಮಣ್ಣಿಗೆ ಹೋಗಲಾಗಲಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ನಮ್ಮ ಶಾಲೆಯಲ್ಲೇ. ಒಂದು ದಿನ ಹೇಳದೆ ಕೇಳದೆ ರೈಲು ಹತ್ತಿ ಬಂದಿದ್ದರು. ನನ್ನ ಹತ್ತಿರ ಬರದೆ ನೇರವಾಗಿ ಹೆಡ್‌ಮಾಸ್ತರ ಮುಂದೆ ನಿಂತು, ನನ್ನತ್ತ ಬೆರಳು ಮಾಡಿ, “ಇಂವಾ ಖರೇನ ಮಾಸ್ತರ ಏನ್ರಿ?” ಎಂದು ಕೇಳಿದರು.

ಹೆಡ್‌ಮಾಸ್ತರು ನಕ್ಕರು. “ಖರೇನರಿ. ನೀವು ಇವರಿಗೆ ಏನ ಆಗಬೇಕ್ರಿ, ತಾಯೇನ್ರಿ?”

ಬಾಡಿಗೆಯ ಮಾತನ್ನು ಕಾಕು ಹೇಳಲಿಲ್ಲ.

“ಇಂವಾ ನಮ್ಮ ಮನ್ಯಾಗ ಓದ್ಯಾನ್ರಿ” ಎಂದರು.

ನಿಮ್ಮನ್ನೂ ಹೀಗೆ ನಂಬದೆ, ಬೆನ್ನು ಬಿಡದೆ ಓದಿಸಿದವರು ಯಾರಾದರೂ ಇದ್ದಿರಬೇಕು. ಅವರ ಬಗ್ಗೆ ನೀವೂ ನಾಲ್ಕು ಸಾಲು ಬರೆಯಿರಿ. ನಾನು ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.